ಹಳೆಯ ಬಂದೂಕಿಗೆ ಹೊಸ ಕಾಡತೂಸು

ಸೈನ್ಯದ ಬಂದೂಕು ಬೇಗನೆ ಸವೆದುಹೋಗುವ ವಸ್ತುವಲ್ಲ. ಎರಡು ತಲೆಮಾರುಗಳ ಕೈ ದಾಟಿದ ಮೇಲೂ ಅದು ಕೆಲಸಕ್ಕೆ ಯೋಗ್ಯವಾಗಿಯೇ ಉಳಿದಿರಬಹುದು. ಆದರೆ ಅದಕ್ಕೆ ಒಪ್ಪುವ ಕಾಡತೂಸಿನ ತಯಾರಿಕೆ ನಿಂತರೆ ಬಂದೂಕು ಬರಿಯ ಊರುಗೋಲಾಗುತ್ತದೆ. ಆಗ ಅದನ್ನು ಬೇರೊಂದು ಕಾಡತೂಸಿಗೆ ಹೊಂದಿಸಬಹುದೇ, ಹೊಂದಿಸುವುದಾದರೆ ಯಾವುದಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಮೇಲ್ನೋಟಕ್ಕೆ ಇದು ಅಳತೆಯ ಪ್ರಶ್ನೆ; ವಿಚಾರಿಸಿ ನೋಡಿದರೆ ಬಲದ ಪ್ರಶ್ನೆ.

ನಮ್ಮ ಪೊಲೀಸರ ಕೈಯಲ್ಲಿ ದಶಕಗಳ ಕಾಲ ಕಂಡ 'ತ್ರೀ ನಾಟ್ ತ್ರೀ' ಬಂದೂಕನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ನಿಜವಾದ ಹೆಸರು ಲೀ–ಎನ್‌ಫೀಲ್ಡ್. ಬ್ರಿಟಿಷ್ ಸೈನ್ಯವು 1888ರಲ್ಲಿ ಅಂಗೀಕರಿಸಿದ .303 ಅಂಗುಲದ ಕಾಡತೂಸನ್ನು ಇದು ಹಾರಿಸುತ್ತದೆ. 1954ರಲ್ಲಿ ನೇಟೋ ರಾಷ್ಟ್ರಗಳು 7.62 ಮಿಲಿಮೀಟರಿನ ಹೊಸ ಕಾಡತೂಸನ್ನು ಒಪ್ಪಿಕೊಂಡವು. 1962ರ ಚೀನಾ ಯುದ್ಧದ ತರುವಾಯ ಭಾರತವೂ ತನ್ನ ಸೈನ್ಯಕ್ಕೆ ಇದನ್ನು ಬಳಕೆಗೆ ತಂದಿತು. ಹಾಗಾದರೆ ಹಳೆಯ ಬಂದೂಕಿನಲ್ಲಿ ಹೊಸ ಕಾಡತೂಸನ್ನು ಹಾರಿಸಲು ಏನು ಮಾಡಬೇಕು?

ಮೊದಲು ಅಳತೆಗಳನ್ನು ನೋಡೋಣ. ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಕುಳಿಯನ್ನು ಕೋಣೆ ಎಂದು ಕರೆಯೋಣ. .303ರ ಹಿತ್ತಾಳೆಯ ಕೋಶದ ಉದ್ದ 56 ಮಿಲಿಮೀಟರ್; ಹೊಸದರದು 51. ಕೋಣೆಯನ್ನು ಕೊರೆದು ಹಿಗ್ಗಿಸಬಹುದೇ ಹೊರತು, ಕೊರೆದು ತೆಗೆದ ಉಕ್ಕನ್ನು ಮರಳಿ ತುಂಬಲಾಗದು. ಗುಂಡಿನ ವ್ಯಾಸವೂ ಬೇರೆ: ಹಳೆಯದು ಸುಮಾರು 7.92, ಹೊಸದು 7.82 ಮಿಲಿಮೀಟರ್. ಅಗಲವಾದ ನಳಿಗೆಯಲ್ಲಿ ಸಣ್ಣ ಗುಂಡು ಸುರುಳಿಗೆರೆಗಳನ್ನು ಸರಿಯಾಗಿ ಕಚ್ಚಿಕೊಳ್ಳದು. ಆದ್ದರಿಂದ ಇಲ್ಲಿ ನಳಿಗೆಯನ್ನೇ ಬದಲಾಯಿಸಬೇಕು.

ನಳಿಗೆ ಬದಲಾದರೆ ಕೆಲಸ ಮುಗಿಯಿತೇ? ಇಲ್ಲ. ಮದ್ದು ಉರಿದಾಗ ಹುಟ್ಟುವ ಅನಿಲವು ಗುಂಡನ್ನು ಮುಂದಕ್ಕೆ ತಳ್ಳುವಂತೆಯೇ ಕೋಶದ ತಳವನ್ನು ಹಿಂದಕ್ಕೂ ತಳ್ಳುತ್ತದೆ. ಅದನ್ನು ತಡೆಯುವುದು ಬೋಲ್ಟ್. ಬಾಗಿಲಿಗೆ ಅಗುಳಿಯಿದ್ದಂತೆ ಕೋಣೆಗೆ ಈ ಬೋಲ್ಟು. ಅದನ್ನು ತಿರುಗಿಸಿದಾಗ ಅದರ ಮೈಮೇಲಿನ ಉಬ್ಬುಗಳು ಬಂದೂಕಿನ ಉಕ್ಕಿನ ಚೌಕಟ್ಟಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ.

ಈ ತಳ್ಳುಬಲ ಎಷ್ಟು? ಇಂದು ಯುರೋಪಿನಲ್ಲಿ ಪಾಲಿಸುವ ಮಿತಿಯಂತೆ .303ರ ಗರಿಷ್ಠ ಒತ್ತಡ ಚದರ ಮಿಲಿಮೀಟರಿಗೆ 365 ನ್ಯೂಟನ್, 7.62ರ ಅಳತೆಯದೇ ಆದ .308 ವಿಂಚೆಸ್ಟರ್ ಕಾಡತೂಸಿಗೆ 415. ಕೋಶದ ಒಳವ್ಯಾಸ ತಳದ ಬಳಿ 10 ಮಿಲಿಮೀಟರ್ ಎಂದಿಟ್ಟುಕೊಂಡರೆ, ವಿಸ್ತೀರ್ಣ 78.5 ಚದರ ಮಿಲಿಮೀಟರ್. ಗುಣಿಸಿದರೆ ಮೊದಲನೆಯದಕ್ಕೆ ಸುಮಾರು 28,700 ನ್ಯೂಟನ್, ಎರಡನೆಯದಕ್ಕೆ 32,600. ಅಂದರೆ ಒಂದು ಹೆಣ್ಣಾನೆಯ ತೂಕದಷ್ಟು ಬಲ ಕ್ಷಣಮಾತ್ರ ಬೋಲ್ಟಿನ ಮೇಲೆ ಬೀಳುತ್ತದೆ. ಹೊಸ ಕಾಡತೂಸಿನಲ್ಲಿ ಅದು ನೂರಕ್ಕೆ ಸುಮಾರು ಹದಿನಾಲ್ಕರಷ್ಟು ಹೆಚ್ಚು. ಕೋಶವು ಕೋಣೆಯ ಗೋಡೆಗೆ ಒತ್ತಿಕೊಂಡಾಗ ಘರ್ಷಣೆಯು ಇದರಲ್ಲಿ ಒಂದು ಪಾಲನ್ನು ಹೊರುತ್ತದೆ. ಕಾಡತೂಸು ಮಳೆಯಲ್ಲಿ ನೆನೆದಿದ್ದರೆ, ಎಣ್ಣೆ ಹತ್ತಿದ್ದರೆ ಆ ನೆರವೂ ತಗ್ಗುತ್ತದೆ.

ಈ ಬಲವನ್ನು ಎಲ್ಲಿ ತಡೆಯುತ್ತೇವೆ ಎಂಬುದೂ ಮುಖ್ಯ. 1898ರ ಮೌಸರ್ ಬಂದೂಕಿನಲ್ಲಿ ಉಬ್ಬುಗಳು ಬೋಲ್ಟಿನ ಮುಂತುದಿಯಲ್ಲಿವೆ, ಲೀ–ಎನ್‌ಫೀಲ್ಡಿನಲ್ಲಿ ಹಿಂಭಾಗದಲ್ಲಿವೆ. ಆದುದರಿಂದ ಇಲ್ಲಿ ಬೋಲ್ಟಿನ ಬಹುಭಾಗ ಕುಗ್ಗುತ್ತದೆ, ಚೌಕಟ್ಟು ಹಿಗ್ಗುತ್ತದೆ. ಹುಕ್ಕನ ನಿಯಮದಂತೆ ಈ ಬದಲಾವಣೆಯು ಬಲಕ್ಕೂ ಉದ್ದಕ್ಕೂ ಅನುಪಾತದಲ್ಲಿರುತ್ತದೆ. 100 ಮಿಲಿಮೀಟರ್ ಉದ್ದ, 150 ಚದರ ಮಿಲಿಮೀಟರ್ ಅಡ್ಡಕೊಯ್ತದ ಉಕ್ಕಿನ ಸರಳು 30,000 ನ್ಯೂಟನ್ ಬಲಕ್ಕೆ ಮಿಲಿಮೀಟರಿನ ಹತ್ತನೇ ಒಂದರಷ್ಟು ಕುಗ್ಗುತ್ತದೆ. ಒಂದು ಸಲ ಕುಗ್ಗಿ ಮರಳಿದರೆ ಬಾಧೆಯಿಲ್ಲ. ಆದರೆ ಹೆಚ್ಚಿನ ಬಲವು ಸಾವಿರಾರು ಬಾರಿ ಮರುಕಳಿಸಿದರೆ ಉಕ್ಕು ದಣಿಯುತ್ತದೆ, ಸೂಕ್ಷ್ಮ ಬಿರುಕುಗಳು ಬೆಳೆಯುತ್ತವೆ.

ಇಲ್ಲಿ ನಮ್ಮ ಇಂದ್ರಿಯಗಳು ಮೋಸಹೋಗುತ್ತವೆ. .303ರ ಗುಂಡು 11.3 ಗ್ರಾಂ, ಅದರ ವೇಗ ಸೆಕೆಂಡಿಗೆ 744 ಮೀಟರ್, ಸಂವೇಗ 8.4 ಕಿಲೋಗ್ರಾಂ–ಮೀಟರ್ ಪ್ರತಿ ಸೆಕೆಂಡಿಗೆ. 7.62ರ ಗುಂಡು 9.5 ಗ್ರಾಂ, ವೇಗ ಸುಮಾರು 840, ಸಂವೇಗ 8.0. ಭುಜಕ್ಕೆ ತಗಲುವ ಒದೆತವನ್ನು ಹೆಚ್ಚಾಗಿ ನಿರ್ಧರಿಸುವುದು ಸಂವೇಗ. ಬೋಲ್ಟನ್ನು ದಂಡಿಸುವುದು ಗರಿಷ್ಠ ಒತ್ತಡ. ಆದುದರಿಂದ ಭುಜವು 'ಎಲ್ಲ ಮೊದಲಿನಂತೆಯೇ ಇದೆ' ಎನ್ನುವಾಗಲೂ ಉಕ್ಕು ಅಧಿಕ ಭಾರ ಹೊರುತ್ತಿರುತ್ತದೆ. ಅದು ಮುರಿದರೆ ಹಾರಿಸುವವನ ಕಣ್ಣಿಗೂ ಪ್ರಾಣಕ್ಕೂ ಅಪಾಯ.

ಪಶ್ಚಿಮ ಬಂಗಾಳದ ಇಚ್ಛಾಪುರದ ಕಾರ್ಖಾನೆಯವರು ಈ ಸಮಸ್ಯೆಯನ್ನು ಬಿಡಿಸಿದ ರೀತಿ ಗಮನಾರ್ಹ. ಅವರು ಹಳೆಯ ಬಂದೂಕುಗಳಿಗೆ ನಳಿಗೆ ಬದಲಾಯಿಸಿ ಸುಮ್ಮನಾಗಲಿಲ್ಲ. ಹಳೆಯ ವಿನ್ಯಾಸವನ್ನೇ ಇಟ್ಟುಕೊಂಡು, ಹೆಚ್ಚು ಬಲವಾದ ಉಕ್ಕಿನಿಂದ ಹೊಸ ಬಂದೂಕುಗಳನ್ನು ಮಾಡಿದರು. ಅಂಚಿಲ್ಲದ ಹೊಸ ಕಾಡತೂಸಿಗೆ ತಕ್ಕಂತೆ ಮ್ಯಾಗಜೀನನ್ನೂ ತಿದ್ದಿದರು. 1963ರಲ್ಲಿ ಬಂದ ಈ ಬಂದೂಕಿನ ಹೆಸರು 2ಎ. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಡಿ ಲೈಲ್ ಕಾರ್ಬೈನ್ ಇದೇ ಲೀ–ಎನ್‌ಫೀಲ್ಡಿನ ಬೋಲ್ಟು, ಚೌಕಟ್ಟುಗಳಿಗೆ ಪಿಸ್ತೂಲಿನ .45 ಕಾಡತೂಸನ್ನು ಹೊಂದಿಸಿಕೊಂಡಿತ್ತು. ಅದರ ಒತ್ತಡ .303ರ ಅರ್ಧಕ್ಕಿಂತಲೂ ಕಡಿಮೆ. ಹಳೆಯ ಉಕ್ಕಿಗೆ ಅದು ಹಗುರವಾದ ಹೊರೆ.

ಹೀಗೆ ಕಾಡತೂಸು ಕೋಣೆಯೊಳಗೆ ಕೂತಿತೆಂಬುದು ಮೊದಲನೆಯ ಪರೀಕ್ಷೆ ಮಾತ್ರ. ಅದು ಹುಟ್ಟಿಸುವ ಬಲವನ್ನು ಹಿಂದಿರುವ ಉಕ್ಕು ಪ್ರತಿ ಸಲವೂ ಹೊರಬಲ್ಲುದೇ ಎಂಬುದೇ ನಿರ್ಣಾಯಕವಾದ ಪರೀಕ್ಷೆ. ಸೇತುವೆ, ಕುದಿಪಾತ್ರೆ, ಯಂತ್ರ, ಯಾವುದಕ್ಕೇ ಹೊಸ ಹೊರೆ ಹೊರಿಸುವಾಗಲೂ ನಾವು ಕೇಳಬೇಕಾದ ಪ್ರಶ್ನೆ ಇದೇ.