ಗಾಯದ ಸುತ್ತ ಬಾವು ಏಕೆ ಬರುತ್ತದೆ, ಎಷ್ಟು ದಿನ ಇರಬೇಕು?

ಕಾರವಾರ, ಅಂಕೋಲಾ ಕಡೆ ಮಳೆಗಾಲ ಬಂತೆಂದರೆ ಕಾಲಿಗೆ ಗಾಯ ತಪ್ಪಿದ್ದಲ್ಲ. ಪಾಚಿ ಹಿಡಿದ ಕೆಂಪುಕಲ್ಲಿನ ಅಂಗಳ, ಜಾರುವ ಮೆಟ್ಟಿಲು, ಗದ್ದೆಯ ಬದು, ಕೆಸರಲ್ಲಿ ಹುದುಗಿದ ಮುಳ್ಳು. ನಮ್ಮ ದಶಲಕ್ಷಣ ಪರ್ವವೂ ಭಾದ್ರಪದದಲ್ಲೇ ಬರುತ್ತದೆ. ಬರಿಗಾಲಲ್ಲಿ ಬಸದಿಗೆ ಹೋಗುವವರು, ಉಪವಾಸ ಮಾಡುವವರು, ಅದರಲ್ಲೂ ಮನೆಯ ಹಿರಿಯರು ಗಾಯ ಹೇಗೆ ಮಾಗುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಗಾಯವಾದ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಅಲ್ಲಿನ ಜೀವಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ರಕ್ತನಾಳಗಳು ಹಿಗ್ಗಿ ಹೆಚ್ಚು ರಕ್ತ ಹರಿಯುವುದರಿಂದ ಆ ಜಾಗ ಕೆಂಪಾಗಿ ಬಿಸಿಯಾಗುತ್ತದೆ. ನಾಳದಿಂದ ದ್ರವ ಒಸರಿ ಬಾವು ಬರುತ್ತದೆ, ನರಗಳು ಕೆರಳಿ ನೋವಾಗುತ್ತದೆ. ಇದೇ ಉರಿಯೂತ. ರೋಮಿನ ಸೆಲ್ಸಸ್ 1ನೇ ಶತಮಾನದಲ್ಲೇ ಈ ನಾಲ್ಕು ಲಕ್ಷಣಗಳನ್ನು ಬರೆದಿಟ್ಟಿದ್ದ.

ಬಾವಿನೊಳಗೆ ಕೆಲಸ ನಡೆಯುತ್ತಿರುತ್ತದೆ. ಮೊದಲ ಎರಡು ದಿನ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುತ್ತವೆ. ಎರಡು ಮೂರನೆಯ ದಿನದ ಹೊತ್ತಿಗೆ ಮ್ಯಾಕ್ರೋಫೇಜ್‌ಗಳು ಬಂದು ಸತ್ತ ಕಣಗಳನ್ನು ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಹೊಸ ಅಂಗಾಂಶ ಕಟ್ಟಲು ಸೂಚನೆ ಕೊಡುವವೂ ಅವೇ. ಇಂಥ ನುಂಗುವ ಕಣಗಳನ್ನು ಮೆಚ್ನಿಕಾಫ್ ಗುರುತಿಸಿದ್ದು 1882ರಲ್ಲಿ, ಇಟಲಿಯ ಮೆಸ್ಸಿನಾ ಕಡಲತೀರದಲ್ಲಿ, ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದಾಗ. ಪ್ರಯೋಗದ ರೀತಿ ನಮ್ಮವರಿಗೆ ಹಿತವೆನಿಸದು. ಆದರೆ ಅಲ್ಲಿಂದ ಬಂದ ತಿಳಿವಳಿಕೆಗೆ ಬೆಲೆಯಿದೆ. ಅವರಿಗೆ 1908ರಲ್ಲಿ ನೊಬೆಲ್ ಬಂತು.

ಹೀಗಾಗಿ ಮೊದಲ ಎರಡು ಮೂರು ದಿನ ಸ್ವಲ್ಪ ಬಾವು, ಬಿಸಿ ಕಂಡರೆ ಗಾಬರಿ ಬೇಡ. ನೋವು ತಡೆಯದಿದ್ದರೆ ಮಾತ್ರೆ ನುಂಗುತ್ತೇವೆ, ಅದೂ ತಪ್ಪಲ್ಲ. ಆದರೆ ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥವನ್ನು ಉಪವಾಸದ ದಿನ ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬಾರದು. ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು. ನೀರನ್ನೂ ಬಿಟ್ಟಿರುವವರಿಗೆ, ಮೊದಲೇ ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಸ್ಟೀರಾಯ್ಡ್ ಮಾತ್ರೆಗಳು ಗಾಯ ಮಾಗುವುದನ್ನೇ ನಿಧಾನಿಸುತ್ತವೆ. ಹಾಗೆಂದು ವೈದ್ಯರು ಬರೆದುಕೊಟ್ಟದ್ದನ್ನು ತಾವಾಗಿಯೇ ನಿಲ್ಲಿಸಬೇಡಿ.

ಅರಿಶಿನದ ಮಾತು ಬಂದೇ ಬರುತ್ತದೆ. ಗಾಯ ಮಾಗಿಸಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ಇದು ನಮ್ಮ ಹಳೆಯ ಮನೆಮದ್ದು ಎಂದು ಭಾರತದ ಸಿ.ಎಸ್.ಐ.ಆರ್. ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅಷ್ಟಾದರೂ ಅಡುಗೆಮನೆ ಡಬ್ಬಿಯ ಪುಡಿಯನ್ನಾಗಲಿ, ತೋಟದ ಕಮ್ಯುನಿಸ್ಟ್ ಗಿಡದ ರಸವನ್ನಾಗಲಿ ಆಳವಾದ ಗಾಯಕ್ಕೆ ತುಂಬುವುದು ಸರಿಯಲ್ಲ. ಸೋಪು ಹಚ್ಚಿ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯುವುದೇ ಮೊದಲ ಚಿಕಿತ್ಸೆ.

ಉರಿಯೂತ ಬರುವುದು ಎಷ್ಟು ಮುಖ್ಯವೋ ಇಳಿಯುವುದೂ ಅಷ್ಟೇ ಮುಖ್ಯ. ಸಕ್ಕರೆ ಕಾಯಿಲೆ ಇರುವವರಲ್ಲಿ ಎಷ್ಟೋ ಸಲ ಅದು ಇಳಿಯುವುದೇ ಇಲ್ಲ. ಗಾಯ ಅದೇ ಹಂತದಲ್ಲಿ ನಿಂತುಬಿಡುತ್ತದೆ. ಪಾದದ ನರಗಳು ಮಂದವಾಗಿದ್ದರೆ ನೋವೂ ತಿಳಿಯದು. ಅಂಥವರು ಬಸದಿಯಿಂದ ಬಂದ ಮೇಲೆ ಅಂಗಾಲನ್ನು ದಿನವೂ ನೋಡಿಕೊಳ್ಳಬೇಕು. ಬಗ್ಗಲಾಗದಿದ್ದರೆ ಮೊಮ್ಮಕ್ಕಳು ನೋಡಲಿ. ಉಪವಾಸಕ್ಕೆ ಮುಂಚೆ ಮಾತ್ರೆ, ಇನ್ಸುಲಿನ್ ವಿಷಯ ವೈದ್ಯರೊಡನೆ ಮಾತಾಡಿರಬೇಕು.

ಮೂರು ದಿನದ ಮೇಲೂ ಬಾವು ಏರುತ್ತಿದ್ದರೆ, ಕೀವು ಅಥವಾ ವಾಸನೆ ಬಂದರೆ, ಕೆಂಪು ಗೆರೆ ಮೇಲಕ್ಕೆ ಹರಡಿದರೆ, ಜ್ವರ ಬಂದರೆ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರು ಮೂರು ದಿನವೂ ಕಾಯುವುದು ಬೇಡ. ಅಂಕೋಲೆಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ, ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿದೆ. ಕೆಸರಿನ ಗಾಯವಾಗಿದ್ದು, ಧನುರ್ವಾಯು ಲಸಿಕೆ ಹಾಕಿಸಿ 5 ವರ್ಷ ದಾಟಿದ್ದರೆ ಅದನ್ನೂ ಅಂದೇ ಕೇಳಿ ಹಾಕಿಸಿಕೊಳ್ಳಿ.