ದಿನನಿತ್ಯದ ಅಡುಗೆ ಹಾಗೂ ಅಪರೂಪದ ಆಹಾರ ಪದಾರ್ಥಗಳು: ಗೃಹಬಳಕೆದಾರರಿಗೆ ಮಾಹಿತಿ

ಪೀಠಿಕೆ

ಉದ್ಯೋಗ, ವಿದ್ಯಾಭ್ಯಾಸ ಹಾಗೂ ವಿವಾಹದ ಕಾರಣದಿಂದ ರಾಜ್ಯದ ಒಂದು ಭಾಗದ ಕುಟುಂಬಗಳು ಮತ್ತೊಂದು ಭಾಗದಲ್ಲಿ ನೆಲೆಸುವುದು ಇಂದು ಸರ್ವೇಸಾಮಾನ್ಯವಾಗಿದೆ. ಹೀಗೆ ನೆಲೆಸಿದವರು ತಮ್ಮ ಊರಿನ ಅಡುಗೆಯನ್ನು ಮುಂದುವರಿಸಲು ಬಯಸಿದಾಗ ಬೇಕಾದ ಪದಾರ್ಥವು ಹತ್ತಿರದ ಅಂಗಡಿಯಲ್ಲಿ ದೊರೆಯುವುದಿಲ್ಲ, ಅಥವಾ ಬೇರೆ ಹೆಸರಿನಲ್ಲಿದ್ದು ಗುರುತು ಸಿಗುವುದಿಲ್ಲ. ಪರಿಚಯವಿಲ್ಲದ ಪದಾರ್ಥವನ್ನು ಕೊಳ್ಳುವ ಗ್ರಾಹಕನು ಅದರ ನಿಜವಾದ ಬಣ್ಣ, ವಾಸನೆ ಮತ್ತು ಬೆಲೆಯನ್ನು ಅರಿತಿರುವುದಿಲ್ಲವಾದ್ದರಿಂದ ಆತನು ಮೋಸ ಹೋಗುವ ಸಂಭವವೂ ಹೆಚ್ಚು. ಕೆಲವು ಪದಾರ್ಥಗಳನ್ನು ಸರಿಯಾದ ಕ್ರಮದಲ್ಲಿ ಬಳಸದಿದ್ದಲ್ಲಿ ಆರೋಗ್ಯಕ್ಕೂ ಹಾನಿಯಿದೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರಿಗೆ ಉಪಯುಕ್ತವಾದ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

1. ಒಂದೇ ಪದಾರ್ಥ, ಹಲವು ಹೆಸರು

"ಸಿಗುವುದಿಲ್ಲ" ಎಂದು ಭಾವಿಸಲಾದ ಅನೇಕ ಪದಾರ್ಥಗಳು ವಾಸ್ತವವಾಗಿ ಬೇರೆ ಹೆಸರಿನಲ್ಲಿ ಅದೇ ಅಂಗಡಿಯಲ್ಲಿರುತ್ತವೆ. ಉತ್ತರ ಕರ್ನಾಟಕದ ಗುರೆಳ್ಳು ಮೈಸೂರು ಭಾಗದಲ್ಲಿ ಹುಚ್ಚೆಳ್ಳು ಎನಿಸಿಕೊಳ್ಳುತ್ತದೆ. ಶೇಂಗಾ ಎಂಬುದು ಕಡಲೆಕಾಯಿ. ಪುಟಾಣಿ ಎಂಬುದು ಹುರಿಗಡಲೆ. ಪುಂಡಿಪಲ್ಯವನ್ನು ಬೆಂಗಳೂರಿನ ಅನೇಕ ಸೊಪ್ಪಿನ ಅಂಗಡಿಗಳಲ್ಲಿ ಗೋಂಗೂರ ಎಂದು ಕೇಳಬೇಕಾಗುತ್ತದೆ. ಉತ್ತರ ಕನ್ನಡದ ಮುರುಗಲು ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ. ನಗರದ ಅಂಗಡಿಗಳಲ್ಲಿ ಅದೇ ಕೋಕಂ.

ಹೆಸರಿನ ಹೋಲಿಕೆಯಿಂದ ತಪ್ಪು ಪದಾರ್ಥ ಮನೆಗೆ ಬರುವುದೂ ಉಂಟು. ರೊಟ್ಟಿಗೆ ಬೇಕಾದುದು ಬಿಳಿ ಜೋಳದ ಹಿಟ್ಟು. ಕಾರ್ನ್‌ಫ್ಲೋರ್ ಎಂಬುದು ಮೆಕ್ಕೆಜೋಳದ ಪಿಷ್ಟ. ಅದರಿಂದ ರೊಟ್ಟಿಯನ್ನು ತಟ್ಟಲಾಗದು. ಜೀರಿಗೆ, ಶಾಜೀರಿಗೆ, ಕರಿಜೀರಿಗೆ ಮತ್ತು ಕಾಡುಜೀರಿಗೆ ಇವು ನಾಲ್ಕೂ ಬೇರೆ ಬೇರೆ. ಇವುಗಳ ಪೈಕಿ ಕಾಡುಜೀರಿಗೆಯು ತೀರ ಕಹಿಯಾದ ಔಷಧ ದ್ರವ್ಯವಾಗಿದ್ದು, ಒಗ್ಗರಣೆಗೆ ಯೋಗ್ಯವಲ್ಲ. ಆದ್ದರಿಂದ ಹೆಸರಿನ ಜೊತೆಗೆ ಯಾವ ಅಡುಗೆಗೆ ಬೇಕೆಂಬುದನ್ನೂ ವರ್ತಕರಿಗೆ ತಿಳಿಸುವುದು ಸೂಕ್ತ.

2. ದೊರೆಯುವ ಸ್ಥಳ ಮತ್ತು ಕಾಲ

(ಅ) ಕಲ್ಲುಹೂವು ಮತ್ತು ಮರಾಠಿ ಮೊಗ್ಗು: ಬಿಸಿಬೇಳೆಬಾತಿನ ಪುಡಿಗೆ ಬೇಕಾದ ಈ ಎರಡೂ ಪದಾರ್ಥಗಳನ್ನು ಸಾಮಾನ್ಯ ದಿನಸಿ ಅಂಗಡಿಗಿಂತ ಗ್ರಂಧಿಗೆ ಅಂಗಡಿಯಲ್ಲಿ ಕೇಳತಕ್ಕದ್ದು. ಕಲ್ಲುಹೂವು ಹೂವಲ್ಲ, ಬಂಡೆ ಮತ್ತು ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹಾಸಿನ ಜಾತಿಗೆ ಸೇರಿದುದು. ಇದನ್ನು ಮರಳು ಮತ್ತು ತೊಗಟೆಯ ಚೂರುಗಳಿಲ್ಲದಂತೆ ಆರಿಸಿ, ಸ್ವಲ್ಪ ಎಣ್ಣೆಯಲ್ಲಿ ಹುರಿದಾಗ ಮಾತ್ರ ಪರಿಮಳ ಹೊರಡುತ್ತದೆ. ಮರಾಠಿ ಮೊಗ್ಗು ನೋಡಲು ಲವಂಗದಂತಿದ್ದರೂ ಗಾತ್ರದಲ್ಲಿ ಅದಕ್ಕಿಂತ ದೊಡ್ಡದು.

(ಆ) ಬ್ಯಾಡಗಿ ಮೆಣಸಿನಕಾಯಿ: ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆಗಳಿವೆ. ಸಿಪ್ಪೆ ಸುಕ್ಕುಗಟ್ಟಿರುತ್ತದೆ, ಬಣ್ಣ ಗಾಢ ಕೆಂಪು, ಖಾರ ಕಡಿಮೆ. ಹೊಸ ಬೆಳೆಯು ವರ್ಷದ ಮೊದಲ ತಿಂಗಳುಗಳಲ್ಲಿ ಮಾರುಕಟ್ಟೆಗೆ ಬರುವುದರಿಂದ ವರ್ಷದ ಪುಡಿಗೆ ಬೇಕಾದುದನ್ನು ಬೇಸಿಗೆಯಲ್ಲಿಯೇ ಕೊಂಡು ಬಿಸಿಲಿಗೆ ಹಾಕಿ ಇಡುವುದು ಲಾಭದಾಯಕ.

(ಇ) ಮುರುಗಲು ಮತ್ತು ಕಾಚಂಪುಳಿ: ಮುರುಗಲು ಹಣ್ಣು ಬೇಸಿಗೆಯ ಕೊನೆಯಲ್ಲಿ ಮಾಗುತ್ತದೆ. ಒಣಗಿಸಿದ ಸಿಪ್ಪೆಯು ವರ್ಷವಿಡೀ ದೊರೆಯುತ್ತದೆ. ಕೊಡಗಿನ ಕಾಚಂಪುಳಿಯು ಅದೇ ಕುಟುಂಬದ ಮತ್ತೊಂದು ಹಣ್ಣಿನ ರಸವನ್ನು ಕಪ್ಪಾಗಿ, ಗಟ್ಟಿಯಾಗುವವರೆಗೆ ಕಾಯಿಸಿ ತಯಾರಿಸಿದ ಹುಳಿ. ಇದು ಅತಿ ತೀಕ್ಷ್ಣವಾದುದರಿಂದ ಸ್ವಲ್ಪವೇ ಸಾಕು. ಈ ಹುಳಿಗಳನ್ನು ಗಾಜಿನ ಸೀಸೆಯಲ್ಲಿಯೇ ಇಡತಕ್ಕದ್ದು. ಕಲಾಯಿ ಇಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಇಡಕೂಡದು.

(ಈ) ಅಪ್ಪೆಮಿಡಿ: ಮಲೆನಾಡಿನ ಉಪ್ಪಿನಕಾಯಿಯ ಈ ಮಾವಿನ ಮಿಡಿಯು ಶಿರಸಿ ಮೊದಲಾದ ಕಡೆಗಳಲ್ಲಿ ಬೇಸಿಗೆಯ ಕೆಲವೇ ವಾರಗಳ ಕಾಲ ಮಾರಾಟಕ್ಕೆ ಬರುತ್ತದೆ. ತೊಟ್ಟಿನೊಂದಿಗೆ ಕೊಯ್ದ, ನೆಲಕ್ಕೆ ಬೀಳದ ಮಿಡಿಯನ್ನೇ ಆರಿಸಬೇಕು. ಪೆಟ್ಟು ತಿಂದ ಒಂದು ಮಿಡಿಯಿಂದ ಇಡೀ ಭರಣಿ ಕೆಡಬಹುದು.

(ಉ) ಸಿರಿಧಾನ್ಯಗಳು: ನವಣೆ, ಸಾಮೆ, ಹಾರಕ, ಊದಲು, ಕೊರಲೆ ಮೊದಲಾದವು 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ನಂತರ ನಗರಗಳಲ್ಲಿ ಸುಲಭವಾಗಿ ದೊರೆಯುತ್ತಿವೆ. ಕೊಳ್ಳುವಾಗ ಹೊಟ್ಟು ತೆಗೆದ ಅಕ್ಕಿಯೋ, ಹೊಟ್ಟು ಸಹಿತ ಧಾನ್ಯವೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

3. ಪರ್ಯಾಯ ಪದಾರ್ಥಗಳು

ಬ್ಯಾಡಗಿ ಮೆಣಸಿನಕಾಯಿಗೆ ಬದಲಾಗಿ ಗುಂಟೂರು ಮೆಣಸಿನಕಾಯಿಯನ್ನು ಅದೇ ಪ್ರಮಾಣದಲ್ಲಿ ಹಾಕಿದಲ್ಲಿ ಖಾರ ಮಿತಿಮೀರುತ್ತದೆ, ಬಣ್ಣವೂ ಬರುವುದಿಲ್ಲ. ಕಾಶ್ಮೀರಿ ಮೆಣಸಿನಕಾಯಿ ಇದಕ್ಕೆ ಹತ್ತಿರದ ಪರ್ಯಾಯ. ಮುರುಗಲಿಗೆ ಬದಲಾಗಿ ಹುಣಸೆಹಣ್ಣನ್ನು ಸಾರಿಗೆ ಬಳಸಬಹುದಾದರೂ ಬಣ್ಣ ಮತ್ತು ರುಚಿ ಬೇರೆಯಾಗುತ್ತದೆ. ಕಲ್ಲುಹೂವು ಮತ್ತು ಮರಾಠಿ ಮೊಗ್ಗಿಗೆ ಸಮಾನವಾದ ಪರ್ಯಾಯವಿಲ್ಲ. ದೊರೆಯದಿದ್ದಲ್ಲಿ ಅವುಗಳನ್ನು ಬಿಟ್ಟು ಚಕ್ಕೆ, ಲವಂಗದಿಂದ ಪುಡಿ ತಯಾರಿಸುವುದೇ ಲೇಸು. ಅಡುಗೆ ಸೋಡಾ ಮತ್ತು ಬೇಕಿಂಗ್ ಪೌಡರ್ ಒಂದೇ ಅಲ್ಲ. ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆ ಆಮ್ಲೀಯ ಪದಾರ್ಥವೂ ಇರುತ್ತದೆ. ಸೋಡಾ ಕೆಲಸ ಮಾಡಲು ಮೊಸರು ಅಥವಾ ಹುಳಿ ಬೇಕು.

4. ವಿಶೇಷ ಎಚ್ಚರಿಕೆ ಅಗತ್ಯವಿರುವ ಪದಾರ್ಥಗಳು

ಕಳಲೆ: ಮಳೆಗಾಲದಲ್ಲಿ ದೊರೆಯುವ ಎಳೆಯ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಹಜ ವಿಷಾಂಶವಿರುತ್ತದೆ. ಮಲೆನಾಡಿನಲ್ಲಿ ಇದನ್ನು ತೆಳುವಾಗಿ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ಪ್ರತಿದಿನ ನೀರು ಬದಲಿಸಿ, ನಂತರ ಚೆನ್ನಾಗಿ ಬೇಯಿಸುವ ರೂಢಿಯಿದೆ. ರುಚಿಗಿಂತ ಮೊದಲು ಈ ಕ್ರಮವು ಸುರಕ್ಷತೆಗಾಗಿ ಇರುವುದು. ನೆನೆಸಿದ ಹಾಗೂ ಬೇಯಿಸಿದ ನೀರನ್ನು ಕಡ್ಡಾಯವಾಗಿ ಚೆಲ್ಲಬೇಕು. ಹೊಸದಾಗಿ ಕಳಲೆ ಕೊಳ್ಳುವವರು ನೆನೆಸಿದ್ದೋ, ಹಸಿಯದೋ ಎಂದು ಮಾರುವವರನ್ನು ಕೇಳಿಯೇ ಕೊಳ್ಳತಕ್ಕದ್ದು.

ಕೆಸುವಿನ ಎಲೆ: ಇದರಲ್ಲಿರುವ ಸೂಜಿಯಂತಹ ಹರಳುಗಳಿಂದ ಬಾಯಿ ಮತ್ತು ಗಂಟಲಲ್ಲಿ ತುರಿಕೆಯುಂಟಾಗುತ್ತದೆ. ಹುಣಸೆಹುಳಿಯೊಂದಿಗೆ ಪೂರ್ಣವಾಗಿ ಬೇಯಿಸಿಯೇ ಬಳಸಬೇಕು.

ರಾಜ್ಮಾ: ಅರೆಬೆಂದ ರಾಜ್ಮಾ ಕಾಳು ವಾಂತಿ ಮತ್ತು ಭೇದಿಗೆ ಕಾರಣವಾಗುತ್ತದೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ರಭಸವಾಗಿ ಕುದಿಸಬೇಕು ಅಥವಾ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಬೇಕು. ಸಣ್ಣ ಉರಿಯಲ್ಲಿ ಕುದಿಯದಂತೆ ಬೇಯಿಸುವ ಕ್ರಮ ಸುರಕ್ಷಿತವಲ್ಲ.

ಇಂಗು: ಇಂಗಿನ ಗಿಡವು ಮುಖ್ಯವಾಗಿ ಅಫ್ಘಾನಿಸ್ತಾನ, ಇರಾನ್ ಮೊದಲಾದ ದೇಶಗಳದು. ಭಾರತದಲ್ಲಿ 2020ರ ಅಕ್ಟೋಬರ್‌ನಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಇದರ ಬೇಸಾಯವನ್ನು ಆರಂಭಿಸಲಾಯಿತು. ಅಂಗಡಿಯಲ್ಲಿ ದೊರೆಯುವುದು ಬಹುಪಾಲು ಗೋಂದು ಮತ್ತು ಹಿಟ್ಟು ಬೆರೆಸಿದ ಸಂಯುಕ್ತ ಇಂಗು. ಈ ಹಿಟ್ಟು ಅನೇಕ ವೇಳೆ ಗೋಧಿಯದಾಗಿರುತ್ತದೆ. ಗೋಧಿಯ ಗ್ಲುಟೆನ್ ಅಂಶ ಒಗ್ಗದ ರೋಗಿಗಳಿರುವ ಮನೆಯಲ್ಲಿ ಗೋಧಿ, ರವೆ, ಮೈದಾ ಎಲ್ಲವನ್ನೂ ದೂರವಿಟ್ಟು ಸಾರಿಗೆ ಇಂಗು ಹಾಕಿದಲ್ಲಿ ಪಥ್ಯವು ವ್ಯರ್ಥವಾಗುತ್ತದೆ. ಅಂಥವರು ಪೊಟ್ಟಣದ ಮೇಲಿನ ಘಟಕಾಂಶಗಳ ಪಟ್ಟಿಯನ್ನು ಓದಿ, ಅಕ್ಕಿಹಿಟ್ಟಿನಿಂದ ತಯಾರಾದುದನ್ನು ಆರಿಸತಕ್ಕದ್ದು.

ಕಾಡಿನ ಅಣಬೆ: ಬಣ್ಣ ಅಥವಾ ವಾಸನೆಯಿಂದ ವಿಷಕಾರಿ ಅಣಬೆಯನ್ನು ಗುರುತಿಸುವ ಯಾವ ಮನೆಯ ಉಪಾಯವೂ ನಂಬಲರ್ಹವಲ್ಲ. ಬೇಯಿಸುವುದರಿಂದ ಎಲ್ಲ ಅಣಬೆಗಳ ವಿಷವೂ ನಾಶವಾಗುವುದಿಲ್ಲ. ಪರಿಚಯವಿಲ್ಲದ ಅಣಬೆಯನ್ನು ಬಳಸಕೂಡದು.

5. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ, ಏಕೆ?
ಉತ್ತರ: ಮೂರು ಕಾರಣಗಳಿರಬಹುದು. ಬೇಳೆ ಹಳೆಯದಾಗಿರಬಹುದು, ಕೊಳವೆಬಾವಿಯ ನೀರು ಗಡುಸಾಗಿರಬಹುದು, ಹುಣಸೆಹುಳಿ ಅಥವಾ ಟೊಮೆಟೊವನ್ನು ಮೊದಲೇ ಹಾಕಿರಬಹುದು. ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಸಾಧ್ಯವಾದಲ್ಲಿ ಶುದ್ಧೀಕರಿಸಿದ ಕುಡಿಯುವ ನೀರಿನಲ್ಲಿ ಬೇಯಿಸಿ, ಬೆಂದ ನಂತರವೇ ಹುಳಿ ಸೇರಿಸಬೇಕು.

ಪ್ರಶ್ನೆ: ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗು ಬರುವುದಿಲ್ಲ. ಸೋಡಾ ಹಾಕಬಹುದೇ?
ಉತ್ತರ: ಸೋಡಾದಿಂದ ಹಿಟ್ಟು ಉಬ್ಬುತ್ತದೆಯೇ ಹೊರತು ಹುದುಗಿನ ರುಚಿ ಬರುವುದಿಲ್ಲ. ಹಿಂದಿನ ಹಿಟ್ಟನ್ನು ಒಂದು ಸೌಟು ಬೆರೆಸಿ, ಪಾತ್ರೆಯನ್ನು ಬೆಚ್ಚಗಿನ ಸ್ಥಳದಲ್ಲಿ ಅಥವಾ ದಪ್ಪ ಬಟ್ಟೆ ಸುತ್ತಿ ಇಟ್ಟು, ಹೆಚ್ಚು ಸಮಯ ಬಿಡುವುದು ಸರಿಯಾದ ಕ್ರಮ.

ಪ್ರಶ್ನೆ: ಜೋಳದ ರೊಟ್ಟಿ ತಟ್ಟುವಾಗ ಬಿರಿಯುತ್ತದೆ, ಕಹಿಯೂ ಆಗುತ್ತದೆ.
ಉತ್ತರ: ಜೋಳದಲ್ಲಿ ಗೋಧಿಯಂತೆ ಜಿಗುಟಿನ ಅಂಶವಿಲ್ಲ. ಕುದಿಯುವ ನೀರು ಹಾಕಿ ಕಲಸಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಿದಲ್ಲಿ ಹಿಟ್ಟು ಹೊಂದಿಕೊಳ್ಳುತ್ತದೆ. ಕಹಿಗೆ ಹಳೆಯ ಹಿಟ್ಟು ಕಾರಣ. ಧಾನ್ಯವನ್ನೇ ಕೊಂಡು ಒಂದೆರಡು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಗಿರಣಿಯಲ್ಲಿ ಬೀಸಿಸುವುದು ಉತ್ತಮ.

6. ಬೆಲೆ ಮತ್ತು ಪೊಟ್ಟಣದ ವಿವರಗಳು

ಅಪರೂಪದ ಪದಾರ್ಥಗಳನ್ನು ಚಿಕ್ಕ ಪೊಟ್ಟಣಗಳಲ್ಲಿ ಮಾರುವುದರಿಂದ ನಿಜವಾದ ದರ ಗ್ರಾಹಕರ ಗಮನಕ್ಕೆ ಬರುವುದಿಲ್ಲ. ಉದಾಹರಣೆಗೆ, 25 ಗ್ರಾಂ ಪೊಟ್ಟಣಕ್ಕೆ 40 ರೂ. ಎಂದರೆ ಕಿಲೋಗೆ 1,600 ರೂ.; ಅದೇ ಪದಾರ್ಥದ 100 ಗ್ರಾಂಗೆ 110 ರೂ. ಎಂದರೆ ಕಿಲೋಗೆ 1,100 ರೂ. ಆದರೆ ವರ್ಷಕ್ಕೆ 25 ಗ್ರಾಂ ಮಾತ್ರ ಬಳಸುವ ಮನೆಗೆ ದೊಡ್ಡ ಪೊಟ್ಟಣವು ಉಳಿತಾಯವಲ್ಲ. ಉಳಿದ 75 ಗ್ರಾಂ ಪರಿಮಳ ಕಳೆದುಕೊಂಡು ವ್ಯರ್ಥವಾಗುತ್ತದೆ. ದರದ ಜೊತೆಗೆ ಬಳಕೆಯ ಪ್ರಮಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ, ಬಳಕೆಯ ಅವಧಿ, ಘಟಕಾಂಶಗಳು, ತಯಾರಕರ ವಿಳಾಸ ಹಾಗೂ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆಯನ್ನು ಪರಿಶೀಲಿಸತಕ್ಕದ್ದು. ಬಿಲ್ಲನ್ನು ಕೇಳಿ ಪಡೆಯುವುದು ಗ್ರಾಹಕರ ಹಕ್ಕು. ಬಿಲ್ಲಿಲ್ಲದಿದ್ದಲ್ಲಿ ಮುಂದೆ ದೂರನ್ನು ಸಮರ್ಥಿಸುವುದು ಕಷ್ಟವಾಗುತ್ತದೆ.

7. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

* ಕಾಳುಮೆಣಸು: ನೀರಿಗೆ ಹಾಕಿದಾಗ ಒಳ್ಳೆಯ ಮೆಣಸು ಮುಳುಗುತ್ತದೆ, ಪರಂಗಿ ಬೀಜ ತೇಲುತ್ತದೆ.
* ಕಾಫಿಪುಡಿ: ನೀರಿನ ಮೇಲೆ ಉದುರಿಸಿದಾಗ ಕಾಫಿ ತೇಲುತ್ತದೆ, ಚಿಕೋರಿ ಬಣ್ಣದ ಎಳೆಬಿಡುತ್ತ ಕೆಳಗಿಳಿಯುತ್ತದೆ.
* ಮೆಣಸಿನಪುಡಿ: ನೀರಿಗೆ ಉದುರಿಸಿದ ಕೂಡಲೇ ಬಣ್ಣದ ಗೆರೆಗಳು ಇಳಿದಲ್ಲಿ ಕೃತಕ ಬಣ್ಣದ ಸಂಶಯವಿದೆ.
* ಸಾಸಿವೆ: ಒಳ್ಳೆಯ ಸಾಸಿವೆಯ ಮೈ ನುಣುಪು, ಒಳಗೆ ಹಳದಿ. ದತ್ತೂರಿ ಬೀಜದ ಮೈ ಒರಟು, ಒಳಗೆ ಬಿಳಿ. ಈ ಬೀಜದ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು 1998ರಲ್ಲಿ ದೆಹಲಿಯಲ್ಲಿ ಅನೇಕರು ಪ್ರಾಣ ಕಳೆದುಕೊಂಡರು.
* ಚಕ್ಕೆ: ನಿಜವಾದ ದಾಲ್ಚಿನ್ನಿಯು ತೆಳುವಾದ ಹಲವು ಪದರಗಳ ಸುರುಳಿ, ಕ್ಯಾಸಿಯಾ ದಪ್ಪ ಮತ್ತು ಒರಟಾದ ತೊಗಟೆ.

ಅರಿಸಿನಪುಡಿಗೆ ಹೊಳಪು ಬರಿಸಲು ಸೀಸದ ಕ್ರೋಮೇಟ್ ಬೆರೆಸಿದ ಪ್ರಕರಣಗಳಿವೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಮಿತಿಮೀರಿದ ಹೊಳಪಿಲ್ಲದ ಕೊಂಬನ್ನು ಕೊಂಡು, ತೊಳೆದು ಒಣಗಿಸಿ ಪುಡಿ ಮಾಡಿಸಿಕೊಳ್ಳುವುದು ಹೆಚ್ಚು ಸುರಕ್ಷಿತ. ಮೇಲಿನ ಪರೀಕ್ಷೆಗಳಿಂದ ಸಂಶಯವನ್ನು ಮಾತ್ರ ಮೂಡಿಸಿಕೊಳ್ಳಬಹುದು. ಅಂತಿಮ ನಿರ್ಣಯಕ್ಕೆ ಪ್ರಯೋಗಾಲಯದ ವರದಿಯೇ ಆಧಾರ.

8. ಪ್ರಯೋಗಾಲಯದ ಪರೀಕ್ಷೆ ಮತ್ತು ದೂರು

1954ರ ಆಹಾರ ಕಲಬೆರಕೆ ತಡೆ ಅಧಿನಿಯಮದ ಸ್ಥಾನದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006 ಜಾರಿಯಲ್ಲಿದೆ. ಇದರ 40ನೇ ಪ್ರಕರಣದಂತೆ ಸಾಮಾನ್ಯ ಗ್ರಾಹಕನೂ ತಾನು ಕೊಂಡ ಆಹಾರ ಪದಾರ್ಥವನ್ನು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದು. ಆದರೆ ಕೊಳ್ಳುವ ಸಮಯದಲ್ಲಿಯೇ ತನ್ನ ಈ ಉದ್ದೇಶವನ್ನು ವರ್ತಕರಿಗೆ ತಿಳಿಸಿರಬೇಕು. ಪದಾರ್ಥವು ಕಾನೂನಿಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಪಾವತಿಸಿದ ಶುಲ್ಕವನ್ನು ಹಿಂಪಡೆಯಲು ಗ್ರಾಹಕನು ಅರ್ಹನಾಗಿರುತ್ತಾನೆ.

ಆಹಾರದ ಗುಣಮಟ್ಟದ ಬಗ್ಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಶುಲ್ಕರಹಿತ ದೂರವಾಣಿ 1800112100ಕ್ಕೆ, ಬೆಲೆ ಹಾಗೂ ಸೇವಾ ನ್ಯೂನತೆಗಳ ಬಗ್ಗೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಕೊಂಡ ಅಂಗಡಿಯು ದೂರದ ಊರಿನಲ್ಲಿದ್ದರೂ, ಅಂತರಜಾಲದ ಮೂಲಕ ತರಿಸಿಕೊಂಡಿದ್ದರೂ ಇದು ಅನ್ವಯಿಸುತ್ತದೆ. ಕೊಂಡ ವಸ್ತುವಿನ ಮೌಲ್ಯ 5 ಲಕ್ಷ ರೂ.ವರೆಗಿದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ.

ದೂರಿನೊಂದಿಗೆ ಬಿಲ್ಲು, ಪೊಟ್ಟಣ ಹಾಗೂ ಉಳಿದ ಪದಾರ್ಥವನ್ನು ಕಾಯ್ದಿರಿಸತಕ್ಕದ್ದು. ಕೆಟ್ಟ ಪದಾರ್ಥವನ್ನು ಬೇಸರದಿಂದ ಕಸಕ್ಕೆ ಎಸೆದಲ್ಲಿ ಸಾಕ್ಷ್ಯವೂ ಅದರೊಂದಿಗೆ ಹೋಗುತ್ತದೆ. ಯಾವುದೇ ಆಹಾರ ಸೇವಿಸಿದ ನಂತರ ವಾಂತಿ, ತಲೆಸುತ್ತು ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಕೂಡಲೇ 108 ಸೇವೆಗೆ ಕರೆ ಮಾಡಬೇಕು ಅಥವಾ ಸಮೀಪದ ಆಸ್ಪತ್ರೆಗೆ ಕರೆದೊಯ್ಯಬೇಕು. ಸೇವಿಸಿದ ಪದಾರ್ಥದ ಸ್ವಲ್ಪ ಭಾಗವನ್ನು ಜೊತೆಗೆ ಕೊಂಡೊಯ್ದಲ್ಲಿ ಚಿಕಿತ್ಸೆಗೆ ಅನುಕೂಲವಾಗುತ್ತದೆ.

ಸಾರ್ವಜನಿಕರು ಈ ಮಾಹಿತಿಯ ಪ್ರಯೋಜನವನ್ನು ಪಡೆದುಕೊಳ್ಳುವುದಲ್ಲದೆ, ಓದಲು ಬಾರದ ಹಿರಿಯರಿಗೂ ನೆರೆಹೊರೆಯವರಿಗೂ ತಿಳಿಸಿಕೊಡಬೇಕಾಗಿ ಕೋರಲಾಗಿದೆ.