ಭೂಕಂಪೋತ್ತರ ಪುನರ್ನಿರ್ಮಾಣ: ಕಿಲ್ಲಾರಿ ಮತ್ತು ಕಚ್ಛ್

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಪರಿಸರದಲ್ಲಿ ಸಂಭವಿಸಿದ ಭೂಕಂಪಕ್ಕೆ ಸುಮಾರು 10,000 ಜನ ಬಲಿಯಾದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದುದೇ ಇದಕ್ಕೆ ಮುಖ್ಯ ಕಾರಣ. ತೀವ್ರ ಹಾನಿಗೀಡಾದ 52 ಗ್ರಾಮಗಳನ್ನು ಸರ್ಕಾರವು ಹೊಸ ನಿವೇಶನಗಳಿಗೆ ಸ್ಥಳಾಂತರಿಸಿತು. ಅಲ್ಲಿನ ಅಗಲವಾದ ನೇರ ಬೀದಿಗಳಲ್ಲಿ ಮನೆಗಳು ಭದ್ರವಾದವು. ಆದರೆ ಇಕ್ಕಟ್ಟಾದ ಓಣಿಗಳಲ್ಲಿ ಬೆಳೆದುಬಂದಿದ್ದ ನೆರೆಹೊರೆ ಚದುರಿತು.

2001ರ ಜನವರಿ 26ರ ಕಚ್ಛ್ ಭೂಕಂಪದ ತರುವಾಯ ಗುಜರಾತಿನಲ್ಲಿ ಭಿನ್ನ ಕ್ರಮವೊಂದು ಪ್ರಧಾನವಾಯಿತು. ಕಂತುಗಳಲ್ಲಿ ಧನಸಹಾಯ ಪಡೆದ ಕುಟುಂಬಗಳು, ಎಂಜಿನಿಯರುಗಳ ಪರಿಶೀಲನೆಗೆ ಒಳಪಟ್ಟು, ಬಹುಮಟ್ಟಿಗೆ ಹಳೆಯ ನೆಲೆಯಲ್ಲಿಯೇ ಮನೆ ಕಟ್ಟಿಕೊಂಡವು. ಈ ಎರಡು ನಿದರ್ಶನಗಳನ್ನು ಹೋಲಿಸಿದಾಗ, ಮನೆಯ ಸ್ಥಳ ಹಾಗೂ ವಿನ್ಯಾಸವನ್ನು ನಿರ್ಧರಿಸುವ ಅಧಿಕಾರ ಸಂತ್ರಸ್ತರಲ್ಲಿ ಉಳಿದಷ್ಟೂ ಊರಿನ ಸಾಮಾಜಿಕ ಸಂಬಂಧಗಳು ಉಳಿಯುತ್ತವೆ ಎಂಬುದು ಸ್ಪಷ್ಟವಾಗುತ್ತದೆ.